ಇಪ್ಪತ್ತಾರನೆಯ ಗಾಜು

ಇಪ್ಪತ್ತಾರನೆಯ ಗಾಜು ಮತ್ತೆ ಒಡೆದಿತ್ತು. ಅವನು ಟಾರ್ಚನ್ನು ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ, ಆಮೇಲೆ ಆರಿಸಿ ನೆಲಮಾಳಿಗೆಯ ಕತ್ತಲೆಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಂತು ಮತ್ತೆ ಹೊತ್ತಿಸಿದ. ಎಣಿಸಿದ್ದರಿಂದ ಏನೂ ಬದಲಾಗಿರಲಿಲ್ಲ. ಕಂಬದ ಬಿರುಕಿಗೆ ಅಡ್ಡಲಾಗಿ, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ ಕೂರಿಸಿದ್ದ ಗೇಣುದ್ದದ ಗಾಜಿನ ಪಟ್ಟಿ ನಡುವೆ ಓರೆಯಾಗಿ ಸೀಳಿ, ಒಂದು ತುಂಡು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಕೆಳಗೆ ಸರಿದಿತ್ತು. ವಿಷಯ ಬಹಳ ಸರಳ ಎಂದು ನಗರದ ಕಚೇರಿಯ ಇಂಜಿನಿಯರಮ್ಮ ಗಾಜುಗಳನ್ನು ಮೊದಲು ಕೂರಿಸಿದ ದಿನವೇ ಹೇಳಿದ್ದರು: ಗೋಡೆ ಅಲುಗದಿದ್ದರೆ ಗಾಜು ಇರುತ್ತದೆ, ಕೂದಲೆಳೆಯಷ್ಟು ಅಲುಗಿದರೂ ಒಡೆಯುತ್ತದೆ, ಗಾಜಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಳ್ಳು ಹೇಳಲು ಬರುವುದು ನನಗೆ ಎಂದುಕೊಂಡ ಅವನು. ಕಂಕುಳಲ್ಲಿದ್ದ ಪುಸ್ತಕ ಜಾರಿದಂತಾಗಿ ಬಿಗಿಯಾಗಿ ಒತ್ತಿಕೊಂಡ. ಅದರಲ್ಲಿ ಇಂದಿನ ಪುಟ ಆಗಲೇ ತುಂಬಿತ್ತು. ನಲವತ್ತೊಂದು ಗಾಜು, ನಲವತ್ತೊಂದು ಸಾಲು, ಪ್ರತಿ ಸಾಲಿನ ಮುಂದೆಯೂ ದುಂಡಗೆ ಒಂದೇ ಮಾತು: ಇದೆ.

ಪುಟವನ್ನು ಮೊದಲು ತುಂಬಿಸಿ ಆಮೇಲೆ ಸುತ್ತು ಹೊರಡುವುದು ಯಾವಾಗ ಶುರುವಾಯಿತೆಂದು ಅವನಿಗೇ ನೆನಪಿಲ್ಲ. ಮೊದಮೊದಲು ಪ್ರತಿ ಕಂಬದ ಮುಂದೆಯೂ ನಿಂತು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಪುಸ್ತಕವನ್ನು ತೊಡೆಗೆ ಆನಿಸಿ ಬರೆಯುತ್ತಿದ್ದ. ಅಕ್ಷರಗಳು ಕಾಗೆ ಕಾಲು ಗುಬ್ಬಿ ಕಾಲಾಗುತ್ತಿದ್ದವು. ಹೇಗಿದ್ದರೂ ಬರೆಯುವುದು ಒಂದೇ ಮಾತಲ್ಲವೇ ಎಂದು, ಬೆಳಿಗ್ಗೆ ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಅಕ್ಕ ಕೊಟ್ಟ ಕಾಫಿ ಕುಡಿಯುತ್ತಲೇ ಅಷ್ಟೂ ಸಾಲು ಬರೆದು ಮುಗಿಸತೊಡಗಿದ. "ಪರೀಕ್ಷೆಗೆ ಮೊದಲೇ ಪಾಸಾಗ್ತೀಯಲ್ಲೋ" ಎಂದು ಅಕ್ಕ ಒಮ್ಮೆ ಅಂದಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡವಳು, ಆಡುವುದು ಕಡಿಮೆ, ಆಡಿದರೆ ಮುಳ್ಳಿರುತ್ತಿತ್ತು. ಎರಡು ವರ್ಷವಾಯಿತು ಅವಳು ಕೆಳಗಿಳಿದು. ಮಂಡಿ ಎರಡೂ ಹೋಗಿವೆ. ಇರುವ ಎರಡು ಲಿಫ್ಟುಗಳಲ್ಲಿ ಒಂದು ಮುರುಕು ಸಾಮಾನಿನ ಕೋಣೆಯಾಗಿದೆ, ಇನ್ನೊಂದು ಹತ್ತನೆಯ ಮಹಡಿಯವರೆಗೆ ಬಂದು, ಮುಂದೇನೆಂದು ಮರೆತ ಮುದುಕನ ಹಾಗೆ ನಿಂತುಬಿಡುತ್ತದೆ. "ನಾನು ಇಳಿಯೋದು ನಾಲ್ಕು ಜನರ ಹೆಗಲ ಮೇಲೆ" ಎಂದು ಅಕ್ಕ ನಗುತ್ತಾಳೆ. ಆ ನಗು ಕೇಳಿದಾಗಲೆಲ್ಲ ಅವನು ಯಾವುದಾದರೂ ನೆಪ ಹೇಳಿ ಎದ್ದು ಹೋಗುತ್ತಾನೆ.

ಮೇಲಿಂದ ಏನೋ ಸದ್ದಾಯಿತು. ನೀರಿನ ಪಂಪು ಇರಬೇಕು. ಈಚೆಗೆ ಪ್ರತಿ ಸದ್ದಿಗೂ ಹೆಸರು ಕೊಟ್ಟು ಸಮಾಧಾನ ಮಾಡಿಕೊಳ್ಳುವ ಚಟ ಹತ್ತಿತ್ತು ಅವನಿಗೆ: ಇದು ಪಂಪು, ಇದು ಯಾರದೋ ಕುರ್ಚಿ, ಇದು ಪಾರಿವಾಳ. ಪಾರಿವಾಳಗಳೇನೋ ಸಾಕಷ್ಟಿದ್ದವು. ನಾಲ್ಕು ಬ್ಲಾಕುಗಳಲ್ಲಿ ಎರಡು ಆಗಲೇ ಖಾಲಿಯಾಗಿ, ಕಿಟಕಿಗಳು ಹಲ್ಲುದುರಿದ ಬಾಯಂತೆ ತೆರೆದುಕೊಂಡಿದ್ದವು. ಸಿ ಬ್ಲಾಕಿನ ಬಾಲ್ಕನಿಯೊಂದು ಹೋದ ವರ್ಷ ಮಧ್ಯಾಹ್ನ ಊಟದ ಹೊತ್ತಿಗೆ ಕಳಚಿ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಬಟ್ಟೆಯ ಹಗ್ಗ ಮಾತ್ರ ಒಂದು ತುದಿಯಲ್ಲಿ ಹಾಗೇ ನೇತಾಡುತ್ತ ಎಷ್ಟೋ ತಿಂಗಳು ಇತ್ತು. ಆಮೇಲೆಯೇ ನಗರದ ಕಚೇರಿಯಿಂದ ಇಂಜಿನಿಯರಮ್ಮ ಬಂದು, ಬಿ ಬ್ಲಾಕಿನ ನೆಲಮಾಳಿಗೆಯಲ್ಲಿ ಇಪ್ಪತ್ತೆಂಟು, ಎರಡನೆಯ ಮಹಡಿಯಿಂದ ಹದಿನಾಲ್ಕರವರೆಗೆ ಮಹಡಿಗೊಂದು ಎಂದು ಗಾಜು ಕೂರಿಸಿದ್ದು. ಪ್ರತಿ ಗಾಜಿನ ಮೂಲೆಯಲ್ಲೂ ಚೂಪು ಮೊನೆಯ ಕಡ್ಡಿಯಿಂದ ಅಂದಿನ ತಾರೀಕು ಕೊರೆದರು. ಲಿಫ್ಟ್ ಮೆಕ್ಯಾನಿಕ್ ಆಗಿ ಬಂದು, ಲಿಫ್ಟುಗಳು ಸತ್ತ ಮೇಲೆ ಕಟ್ಟಡದ ಮೇಲ್ವಿಚಾರಕ ಎನಿಸಿಕೊಂಡಿದ್ದ ಅವನ ಕೈಗೆ ಪುಸ್ತಕ ಕೊಟ್ಟು, "ಇನ್ನು ನಿಮ್ಮ ಕಣ್ಣೇ ನಮ್ಮ ಕಣ್ಣು. ಯಾವುದೇ ಗಾಜು ಒಡೆದ್ರೂ ಮುಟ್ಟಬೇಡಿ, ನನಗೆ ಹೇಳಿ" ಎಂದರು. ಯಾರೂ ಅವನಿಗೆ ಅಷ್ಟು ಮರ್ಯಾದೆಯಿಂದ ಕೆಲಸ ಹೇಳಿ ಬಹಳ ವರ್ಷವಾಗಿತ್ತು. ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಕಾದದ್ದಕ್ಕೆ ಸಿಕ್ಕ ಬಹುಮಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡನೆಯ ತಿಂಗಳಿಗೇ ಎಂಟನೆಯ ಮಹಡಿಯ ಗಾಜು ಒಡೆದಿತ್ತು. ಅವನು ಮೆಟ್ಟಿಲ ಮೇಲೆ ಓಡುತ್ತ ಬಾಗಿಲು ಬಾಗಿಲು ಬಡಿದ. ಜನ ಮಕ್ಕಳನ್ನೆತ್ತಿಕೊಂಡು, ಒಲೆ ಆರಿಸದೆ, ಒಬ್ಬಾತ ಮುಖದ ಸೋಪು ತೊಳೆಯದೆ, ಅಂಗಳಕ್ಕೆ ಬಂದು ನಿಂತರು. ಇಂಜಿನಿಯರಮ್ಮ ಬಂದು ನೋಡಿ, ಗಾಜಿನ ಅಂಚಿಗೆ ಹತ್ತಿದ್ದ ಕಂದು ಬಣ್ಣವನ್ನು ಉಗುರಿನಿಂದ ಕೆರೆದು, "ಯಾರಾದರೂ ಸೋಫಾ ಸಾಗಿಸಿದಿರಾ?" ಎಂದು ಕೇಳಿದರು. ಸಾಗಿಸಿದ್ದರು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಸೋಪಿನ ಮುಖದವನೇ ಮೊದಲು ನಕ್ಕಿದ್ದು, ಆಮೇಲೆ ಎಲ್ಲರೂ. ಅಂದು ಸಂಜೆಯ ಹೊತ್ತಿಗೆ ಅವನಿಗೆ ಗಾಜಪ್ಪ ಎಂಬ ಹೆಸರು ಬಿದ್ದಿತ್ತು. ಮಕ್ಕಳು ಅವನನ್ನು ಕಂಡರೆ ಬಾಯಲ್ಲಿ ಟಿಣ್ ಎಂದು ಸದ್ದು ಮಾಡಿ ಓಡುತ್ತಿದ್ದರು. ಅಕ್ಕ ಮಾತ್ರ ನಗಲಿಲ್ಲ. ಅಂದು ಅವಳನ್ನು ಇಳಿಸಲು ಯಾರೂ ಬಂದಿರಲಿಲ್ಲ, ಅವನೂ ಬಂದಿರಲಿಲ್ಲ. ಬಾಗಿಲು ಬಡಿಯುವ ಗಡಿಬಿಡಿಯಲ್ಲಿ ತನ್ನ ಮನೆಯ ಬಾಗಿಲನ್ನು ಅವನು ಮರೆತಿದ್ದ. ಅದನ್ನು ಅವಳು ಇಂದಿಗೂ ಎತ್ತಿ ಆಡಿಲ್ಲ, ಆಡಿದ್ದರೆ ಒಳ್ಳೆಯದಿತ್ತು.

ಹಾಗಾಗಿ ಮಳೆಗಾಲದಲ್ಲಿ ಇಪ್ಪತ್ತಾರನೆಯದು ಮೊದಲ ಸಲ ಒಡೆದಾಗ ಅವನು ಬಾಗಿಲು ಬಡಿಯಲಿಲ್ಲ. ಯಾರದೋ ಕಾರಿನ ಮೂತಿ ತಗುಲಿರಬೇಕು ಎಂದುಕೊಂಡ. ಕಾರು ನಿಲ್ಲುವ ಜಾಗ ಕಂಬದಿಂದ ಮಾರು ದೂರ ಎಂದು ಗೊತ್ತಿದ್ದೂ ಅಂದುಕೊಂಡ. ಮನೆಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇತ್ತು. ಕಟ್ಟಡ ಹೊಸದಾಗಿದ್ದಾಗ ಎಲ್ಲ ಮನೆಯವರನ್ನೂ ಕಾರಂಜಿಯ ಮುಂದೆ ನಿಲ್ಲಿಸಿ ತೆಗೆದದ್ದು; ಮೂರನೆಯ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಎಣ್ಣೆ ಹಾಕಿ ಬಾಚಿದ ತಲೆಯ ಅವನು. ಅಕ್ಕ ಸ್ನಾನಕ್ಕೆ ಹೋದಾಗ ಅದರ ಗಾಜು ಬಿಚ್ಚಿ, ಪಟ್ಟಿ ಕೊಯ್ದು, ತಂದು ಕಂಬಕ್ಕೆ ಮೆತ್ತಿದ. ಒರೆಸುವಾಗ ಬಿದ್ದು ಒಡೆಯಿತು ಎಂದು ಅಕ್ಕನಿಗೆ ಹೇಳಿದ. ಉಳಿದ ಗಾಜು ಎಲ್ಲಿ ಎಂದು ಅವಳು ಕೇಳಲಿಲ್ಲ. ಹಾಸಿಗೆಯ ಕೆಳಗಿಟ್ಟಿದ್ದ ಆ ತುಂಡನ್ನು ಎಸೆಯಬೇಕೆಂದುಕೊಂಡು ಅವನೂ ಮರೆತ. ಎಂಟು ತಿಂಗಳಾಯಿತು. ಆ ಸುಳ್ಳು ಗಾಜೇ ಈಗ ನಿಜ ಹೇಳುತ್ತಿತ್ತು.

"ಗಾಜಪ್ಪ, ಇಲ್ಲಿದೀರಾ? ನಿಮ್ಮನ್ನ ಎಲ್ಲೆಲ್ಲಿ ಹುಡುಕೋದ್ರೀ?" ನಿವಾಸಿಗಳ ಸಂಘದ ಸೆಕ್ರೆಟರಿ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಚೇರಿಯ ಕಾಗದ. "ಪುಸ್ತಕ ಕೊಡಿ. ಮೀಟಿಂಗ್ ಶುರುವಾಗ್ತಿದೆ."

ಅವನು ಟಾರ್ಚ್ ಆರಿಸಿದ. "ಇವತ್ತಿನದು ಇನ್ನೂ..." ಎಂದ.

"ಬರೆದಿದೀರಲ್ಲ" ಎಂದರು ಸೆಕ್ರೆಟರಿ, ಇಳಿದು ಬಂದು ಪುಸ್ತಕ ಎಳೆದುಕೊಂಡು ಪುಟ ತಿರುವುತ್ತ. "ಎಷ್ಟು ಮುತ್ತಿನಂಥ ಅಕ್ಷರ ರೀ ನಿಮ್ಮದು. ಇವತ್ತು ನಮ್ಮನ್ನ ಕಾಪಾಡೋದು ಈ ಪುಸ್ತಕಾನೇ." ಅವನ ಬೆನ್ನು ತಟ್ಟಿ ಹತ್ತಿಹೋದರು. ತಟ್ಟಿದ ಜಾಗ ಸ್ವಲ್ಪ ಹೊತ್ತು ಬೆಚ್ಚಗಿತ್ತು. ಆ ಬಿಸುಪನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆಯೇ ತಾನು ಸುಮ್ಮನಿದ್ದದ್ದು ಎಂದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನೆಲದ ಮಹಡಿಯ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಅವನು ಬಾಗಿಲ ಬಳಿ ಗೋಡೆಗೆ ಒರಗಿ ನಿಂತ, ಆಮೇಲೆ ಗೋಡೆಯಿಂದ ಬೆನ್ನು ಬಿಡಿಸಿಕೊಂಡ. ಕಸ ಗುಡಿಸುವಾಕೆ ಬಕೆಟ್ಟು ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದಳು. ಸೆಕ್ರೆಟರಿ ಕಚೇರಿಯ ಕಾಗದ ಓದಿದರು. ಒಂದೇ ಒಂದು ಗಾಜು ಒಡೆದಿದ್ದರೂ ಬಿ ಬ್ಲಾಕನ್ನು ಏಳು ದಿನದೊಳಗೆ ತೆರವು ಮಾಡಬೇಕು. ಎಲ್ಲ ಗಾಜೂ ಇದ್ದಲ್ಲಿ ನಿವಾಸಿಗಳು ಸಹಿ ಹಾಕಿ ಕೊಟ್ಟರೆ ಇನ್ನೆರಡು ವರ್ಷ ಪರೀಕ್ಷೆಯ ಅಗತ್ಯವಿಲ್ಲ. "ಹೋದ ಹನ್ನೊಂದು ತಿಂಗಳ ಪುಸ್ತಕ ಇಲ್ಲಿದೆ" ಎಂದು ಅದನ್ನು ಎತ್ತಿ ಹಿಡಿದರು. "ಸೋಫಾ ಪ್ರಕರಣ ಬಿಟ್ರೆ ಒಂದು ದಿನವೂ ಒಂದು ಗಾಜೂ ಒಡೆದಿಲ್ಲ." ಹಾಲಿನಲ್ಲಿ ನಗೆಯ ಅಲೆ ಎದ್ದಿತು. ಕೆಲವರು ತಿರುಗಿ ಅವನತ್ತ ಪ್ರೀತಿಯಿಂದಲೇ ನೋಡಿದರು. ನೋಡಿದವರಲ್ಲಿ ಆರನೆಯ ಮಹಡಿಯ ಬಸುರಿ ಹೆಂಗಸೂ ಇದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಸುಮ್ಮನಿರಲಾಗಲಿಲ್ಲ.

"ಒಡೆದಿದೆ" ಎಂದ. ಯಾರಿಗೂ ಕೇಳಿಸಲಿಲ್ಲ. ಕೆಮ್ಮಿ ಮತ್ತೆ ಹೇಳಿದ. "ಇಪ್ಪತ್ತಾರು ಒಡೆದಿದೆ. ಈಗ ನೋಡಿ ಬಂದೆ."

ಯಾರೋ ಬಾಯಲ್ಲಿ ಟಿಣ್ ಎಂದರು. ದೊಡ್ಡವರೇ. ಹಾಲೆಲ್ಲ ನಕ್ಕಿತು. ಸೆಕ್ರೆಟರಿ ಮಾತ್ರ ನಗಲಿಲ್ಲ. "ಮತ್ತೆ ಇಲ್ಲಿ ಇದೆ ಅಂತ ಬರೆದಿದೀರಲ್ರೀ? ಇವತ್ತಿನ ತಾರೀಕು, ನಿಮ್ಮದೇ ಕೈ."

ಅದು ಮೊದಲೇ ಬರೆದದ್ದು ಎನ್ನಬೇಕಿತ್ತು. ಮಳೆಗಾಲದಲ್ಲಿ ಒಡೆದದ್ದು, ಫೋಟೋದ ಗಾಜು, ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ಹೊರಗೆ ಬಂದದ್ದು ಮಾತ್ರ, "ಬೇಕಾದ್ರೆ ಬಂದು ನೋಡಿ" ಎಂಬಷ್ಟೇ. ಕಣ್ಣಾರೆ ನೋಡಿದರೆ ತಾನು ಬಾಯಿ ಬಿಡುವ ಪ್ರಮೇಯವೇ ಇರುವುದಿಲ್ಲವಲ್ಲ ಎಂದು ಒಳಗೊಂದು ಕಳ್ಳ ಬುದ್ಧಿ ಹೇಳಿತು.

ಚರ್ಚೆ ಹತ್ತಿತು. ನೋಡಲು ಹೋಗಬೇಕೇ ಬೇಡವೇ, ಯಾರು ಹೋಗಬೇಕು, ಚಹಾ ಆದ ಮೇಲೆಯೋ ಮೊದಲೋ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ತೀರ್ಮಾನವಾಗುವಾಗ ಅರ್ಧ ಗಂಟೆ ಕಳೆದಿತ್ತು. ಕೊನೆಗೆ ಸೆಕ್ರೆಟರಿ ಮತ್ತು ಐದಾರು ಗಂಡಸರು ಅವನ ಹಿಂದೆ ನೆಲಮಾಳಿಗೆಗೆ ಇಳಿದರು. ಗುಡಿಸುವಾಕೆ ಅವರಿಗಿಂತ ಮೊದಲೇ ಅಲ್ಲಿದ್ದಳು, ಕಂಬದಿಂದ ನಾಲ್ಕು ಹೆಜ್ಜೆ ಆಚೆ, ನೆಲ ಒರೆಸುತ್ತ. ಅವನು ಟಾರ್ಚ್ ಬಿಟ್ಟ. ಇಪ್ಪತ್ತಾರನೆಯ ಗಾಜು ಇಡಿಯಾಗಿತ್ತು.

ಅವನು ಇಪ್ಪತ್ತೈದನ್ನು ನೋಡಿದ, ಇಪ್ಪತ್ತೇಳನ್ನು ನೋಡಿದ, ಮತ್ತೆ ಅಲ್ಲಿಗೇ ಬಂದ. ಪ್ಲಾಸ್ಟರಿನ ಮೇಲೆ ಹೆಬ್ಬೆಟ್ಟು ಒತ್ತಿದ. ಬೆರಳು ಮೆತ್ತಗೆ ಒಳಗಿಳಿಯಿತು. ತಿರುಗಿ ನೋಡಿದರೆ ಗುಡಿಸುವಾಕೆ ಒರೆಸುವುದನ್ನು ನಿಲ್ಲಿಸಿದ್ದಳು. ಅವಳ ಉಗುರಿನ ಸಂದಿ ಬೆಳ್ಳಗಿತ್ತು. ಅವಳ ಮುಖದಲ್ಲಿ ಭಯವಿರಲಿಲ್ಲ. ಉಪಕಾರ ಮಾಡಿದವರ ಮುಖದಲ್ಲಿರುವ ಒಂದು ಸಣ್ಣ ನಾಚಿಕೆ ಇತ್ತು. ಈಗ ಬೆರಳೆತ್ತಿ ತೋರಿಸಿದರೆ ಅವಳ ಕೆಲಸ ಹೋಗುತ್ತದೆ. ಅವಳು ಬಾಯಿ ಬಿಟ್ಟರೆ ತನ್ನದೂ ಹೋಗುತ್ತದೆ. ಅವನು ಬಿಳಿಯಾದ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಏನ್ರೀ ಗಾಜಪ್ಪ?" ಎಂದರು ಸೆಕ್ರೆಟರಿ.

"ಕಣ್ಣು ಮೋಸ ಮಾಡ್ತು ಅನ್ಸುತ್ತೆ" ಎಂದ ಅವನು.

"ಕಣ್ಣಿನ ಡಾಕ್ಟರಿಗೆ ತೋರಿಸ್ಕೊಳ್ಳಿ" ಎಂದು ಅವರು ಮೃದುವಾಗಿಯೇ ಹೇಳಿ ಎಲ್ಲರನ್ನೂ ಕರೆದುಕೊಂಡು ಹೋದರು. ಅವರ ನಗು ಮೆಟ್ಟಿಲ ಮೇಲೆ ಒಂದೊಂದೇ ತಿರುವು ಹತ್ತಿ ಕ್ಷೀಣವಾಯಿತು.

"ಯಾಕಮ್ಮಾ ಹೀಗೆ ಮಾಡ್ದೆ?" ಎಂದು ಅವನು ಕೇಳಿದ.

"ನೀವು ಮಳೆಗಾಲದಲ್ಲಿ ಅಂಟಿಸಿದ್ದನ್ನ ನೋಡಿದ್ದೆ ಅಣ್ಣಾ. ಯಾರಿಗೂ ಹೇಳಿಲ್ಲ" ಎಂದಳು. "ಒಡೆದ್ರೆ ಎಲ್ಲರೂ ಖಾಲಿ ಮಾಡ್ಬೇಕಂತಲ್ಲ. ನೀವೆಲ್ಲ ಎಲ್ಲಾದ್ರೂ ಹೋಗ್ತೀರ. ಪಂಪಿನ ಮನೇಲಿರೋ ನಾನು ಅಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಅದಕ್ಕೇ ನೀವು ಮಾಡಿದ ಹಾಗೇ ಮಾಡಿದೆ. ಇದೊಂದೇ ಅಲ್ಲ, ಈ ಕಡೆ ಇನ್ನೂ ಮೂರು ಹಾಕಿದೀನಿ. ನೀವು ದಿನಾ ನೋಡ್ತೀರಲ್ಲ, ಗೊತ್ತಾಗಿರ್ಬೇಕು ಅಂದ್ಕೊಂಡಿದ್ದೆ."

ಗೊತ್ತಾಗಿರಲಿಲ್ಲ. ದಿನವೂ ನೋಡುತ್ತಿದ್ದ. ಆದರೆ ನೋಡುತ್ತಿದ್ದದ್ದು ಗಾಜು ಇದೆಯೇ ಎಂದು ಮಾತ್ರ, ಯಾವ ಗಾಜು ಎಂದಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಮೂಲೆಯ ತಾರೀಕು ಹುಡುಕುತ್ತ ಒಂದನೆಯದರಿಂದ ಹೊರಟ. ಒಂದರಲ್ಲಿ ಇತ್ತು. ಎರಡರಲ್ಲಿ ಇತ್ತು. ಮೂರು ಬರಿಯದಾಗಿತ್ತು. ಇಪ್ಪತ್ತೆಂಟು ಮುಗಿಸುವಾಗ ತಾರೀಕಿಲ್ಲದವು ಒಂಬತ್ತು. ನಾಲ್ಕು ಇವಳವು ಎಂದರೆ ಉಳಿದವು? ಲಿಫ್ಟಿನತ್ತ ಹೋಗದೆ ಮೆಟ್ಟಿಲು ಹತ್ತಿದ. ಎರಡನೆಯ ಮಹಡಿಯದು ಇಂಜಿನಿಯರಮ್ಮನದೇ. ಮೂರನೆಯದಕ್ಕೆ ಬಚ್ಚಲಿನ ಕಿಟಕಿಯ ಮಂಜು ಗಾಜು. ಐದನೆಯದನ್ನು ಯಾರೋ ಹಿಟ್ಟು ಕಲಸಿ ಅಂಟಿಸಿದ್ದರು, ಇರುವೆ ಸಾಲು ಹತ್ತಿತ್ತು. ಆರನೆಯದಕ್ಕೆ ಟೈಲ್ಸಿನ ಸಿಮೆಂಟು, ನೀಟಾದ ಕೆಲಸ. ಬಸುರಿ ಹೆಂಗಸಿನ ಗಂಡ ಟೈಲ್ಸ್ ಹಾಕುವವನು. ಒಂಬತ್ತನೆಯ ಮಹಡಿಯಲ್ಲಿದ್ದದ್ದು ಗಾಜೇ ಅಲ್ಲ. ಮಕ್ಕಳ ಪ್ಲಾಸ್ಟಿಕ್ ಸ್ಕೇಲು, ಅಂಕಿಗಳನ್ನು ಉಜ್ಜಿ ಅಳಿಸಿದ್ದರು, ಏಳು ಮತ್ತು ಎಂಟು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಇದರ ಮುಂದೆ ನಾನು ಎಷ್ಟು ದಿನ ‘ಇದೆ’ ಎಂದು ಬರೆದೆ? ಹಾಲಿನಲ್ಲಿ ನಕ್ಕವರಲ್ಲಿ ಯಾರು ಯಾರು ಇದನ್ನೆಲ್ಲ ಅಂಟಿಸಿದವರು? ಪ್ರತಿಯೊಬ್ಬನೂ ತನ್ನ ಮಹಡಿಯದು ಮಾತ್ರ ಒಡೆದಿದೆ, ಉಳಿದ ನಲವತ್ತೂ ಗಟ್ಟಿಯಾಗಿವೆ ಎಂದು ಪುಸ್ತಕವನ್ನು ನಂಬಿ ಮಲಗುತ್ತಿದ್ದಾನೆ. ಅವನು ಕಂಬಿ ಹಿಡಿದು ನಿಂತ. ಕಂಬಿ ತಣ್ಣಗಿತ್ತು, ಸಣ್ಣಗೆ ಅದುರುತ್ತಿತ್ತು. ಪಂಪು, ಎಂದುಕೊಳ್ಳಲು ಹೋದ. ಈ ಹೊತ್ತಿನಲ್ಲಿ ಪಂಪು ಓಡುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಹನ್ನೊಂದು, ಹನ್ನೆರಡು, ಹದಿಮೂರರ ಗಾಜುಗಳಲ್ಲೂ ತಾರೀಕಿರಲಿಲ್ಲ. ಹದಿನಾಲ್ಕನೆಯ ಮಹಡಿ. ನಲವತ್ತೊಂದನೆಯ ಗಾಜು ಅವನ ಮನೆಯ ಬಾಗಿಲಿನಿಂದ ಎರಡೇ ಹೆಜ್ಜೆ. ಪ್ರತಿ ದಿನ ಹೊರಡುವಾಗ ಕಣ್ಣಿಗೆ ಬೀಳುತ್ತಿದ್ದದ್ದು, ಸರಿಯಾಗಿ ನೋಡುವ ಅಗತ್ಯವೇ ಇಲ್ಲವೆನಿಸಿದ್ದು. ಮೂಲೆಯಲ್ಲಿ ತಾರೀಕಿರಲಿಲ್ಲ. ತುದಿಯ ಪ್ಲಾಸ್ಟರನ್ನು ಚಮಚದ ಬೆನ್ನಿನಿಂದ ನುಣುಪಾಗಿ ಸವರಿದ್ದರು. ಗಾಜಿನ ಒಂದು ಅಂಚು ಒರಟಾಗಿತ್ತು. ಆ ಒರಟು ಅಂಚು ಅವನಿಗೆ ಗೊತ್ತಿತ್ತು, ಅದನ್ನು ಕೊಯ್ದವನು ಅವನೇ.

ಒಳಗೆ ಅಕ್ಕ ಕಿಟಕಿಯ ಬಳಿ ಕೂತಿದ್ದಳು. ಅವನ ಮುಖ ನೋಡಿ ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟಳು.

"ಯಾವಾಗ ಒಡೀತು ಅದು?" ಎಂದು ಕೇಳಿದ.

"ನಾಲ್ಕು ತಿಂಗಳಾಯ್ತು. ನೀನು ಪೇಟೆಗೆ ಹೋಗಿದ್ದೆ. ಬಾಗಿಲು ತೆಗೀತಿದ್ದ ಹಾಗೇ ಟಿಣ್ ಅಂತು." ಕಿಟಕಿಯ ಕಡೆ ತಿರುಗಿ ಅಂದಳು: "ಹಾಸಿಗೆ ಕೆಳಗೆ ಗಾಜಿನ ತುಂಡು ಸಿಕ್ಕಿದಾಗಲೇ ನೀನೇನು ಮಾಡಿದೀಯ ಅಂತ ತಿಳೀತು. ಮತ್ತೆ ನಿನ್ನನ್ನ ನೋಡಿ ಊರೆಲ್ಲ ನಗೋದು ಬೇಡ ಅನ್ಸ್ತು. ಗೋಡೆ ಹಿಡ್ಕೊಂಡು ಹೋಗಿ ಮೆತ್ತಿದೆ."

"ಹೆದರಿಕೆ ಆಗ್ಲಿಲ್ವಾ?"

"ಆಗದೇ ಏನು. ಮಲಗೋ ಕೋಣೆ ಬಾಗಿಲು ಹಾಕೋಕೆ ಬರ್ತಿಲ್ಲ, ನೋಡಿದೀಯಾ? ಮೂರು ಸಲ ಚಾಕುವಿಂದ ಹೆರೆದೆ. ಗೋಡೇಲಿ ಸದ್ದು ಬರುತ್ತೆ. ನಾನು ಮೂವತ್ತು ವರ್ಷ ಲೈನಿನ ಸದ್ದು ಕೇಳಿದವಳು, ಪಾರಿವಾಳ ಯಾವುದು ಅಲ್ಲದ್ದು ಯಾವುದು ಅಂತ ಗೊತ್ತಾಗಲ್ವಾ? ನೀನೊಬ್ಬನಾದ್ರೂ ಇಳಿದು ಹೋಗು ಅನ್ನೋಣ ಅಂತಿದ್ದೆ. ನಾನಿದ್ರೆ ನೀನು ಹೋಗಲ್ಲ. ನಾನು ಹೋಗೋ ಹಾಗಿಲ್ಲ. ಏನಂತ ಹೇಳ್ಲಿ ನಿನಗೆ?"

ಸೋಫಾದ ದಿನ ಈ ಕಿಟಕಿಯಿಂದಲೇ ಅವಳು ಅಂಗಳದಲ್ಲಿ ನಿಂತ ಜನರನ್ನೂ, ಜನರ ನಡುವೆ ನಿಂತ ತಮ್ಮನನ್ನೂ ನೋಡಿದ್ದಿರಬೇಕು. ಅವನು ಅವಳ ಮುಂದೆ ಬೆನ್ನು ತಿರುಗಿಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಹತ್ತು" ಎಂದ.

"ಹದಿನಾಲ್ಕು ಮಹಡಿ ಕಣೋ. ನಿನಗೂ ಅರವತ್ತಾಗ್ತಾ ಬಂತು."

"ಅಕ್ಕಾ, ಹತ್ತು."

ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ, ಕನ್ನಡಕ ಮಾತ್ರ. ಅವಳು ಎಷ್ಟು ಹಗುರವಾಗಿದ್ದಾಳೆಂದು ಅವನಿಗೆ ತಿಳಿದಿರಲಿಲ್ಲ. ಹತ್ತನೆಯ ಮಹಡಿಯಲ್ಲಿ ಅವಳೇ ಭಾರವಾದಳು, ಏಳರಲ್ಲಿ ಅವನ ತೊಡೆ ನಡುಗತೊಡಗಿತು. ಅದುರುವ ಕಟ್ಟಡದಲ್ಲಿ ಲಿಫ್ಟನ್ನು ನಂಬಲಾಗದೆ ಅವನು ಅತ್ತ ನೋಡಿಯೂ ನೋಡಲಿಲ್ಲ. ತಿರುವು ತಿರುವಿನಲ್ಲೂ ಗೋಡೆಗೆ ಅಕ್ಕನ ಮೊಣಕೈ ತಗುಲದಂತೆ ಓರೆಯಾಗಿ ಇಳಿದ. ಬಾಗಿಲುಗಳು ತೆರೆದವು. ಆರನೆಯ ಮಹಡಿಯಲ್ಲಿ ಆಗತಾನೇ ಮೀಟಿಂಗಿನಿಂದ ಹತ್ತಿ ಬಂದಿದ್ದ ಬಸುರಿ ಹೆಂಗಸು ಬೀಗದಲ್ಲಿ ಕೀಲಿ ಇಟ್ಟವಳು ತಿರುಗಿ ನೋಡಿದಳು. ಎರಡು ವರ್ಷದಿಂದ ಕಾಣದ ಮುಖವನ್ನು ಅವನ ಹೆಗಲ ಮೇಲೆ ಕಂಡಳು, ಆಮೇಲೆ ಪಕ್ಕದ ಗೋಡೆಯ ಗಾಜನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಹಿಂದಿನ ಮೆಟ್ಟಿಲುಗಳಲ್ಲಿ ಚಪ್ಪಲಿಯಿಲ್ಲದ ಕಾಲಿನ ಸದ್ದು ಕೇಳತೊಡಗಿತು.

ಅಂಗಳದಲ್ಲಿ ಮೀಟಿಂಗಿನವರು ಚಹಾ ಕುಡಿಯುತ್ತಿದ್ದರು. ಒಣಗಿದ ಕಾರಂಜಿಯ ಕಟ್ಟೆಯ ಮೇಲೆ ಸಹಿಯ ಕಾಗದ ಹರಡಿ, ಹಾರದ ಹಾಗೆ ಅದರ ಮೇಲೆ ಅವನ ಪುಸ್ತಕ ಇಟ್ಟಿದ್ದರು. "ಏನ್ರೀ ಗಾಜಪ್ಪ, ಅಕ್ಕನ್ನ ಮೆರವಣಿಗೆ ಮಾಡಿಸ್ತಿದೀರಾ?" ಎಂದರು ಸೆಕ್ರೆಟರಿ. ಒಬ್ಬಿಬ್ಬರು ನಕ್ಕರು.

ಅವನು ನಿಂತ. ಉಸಿರು ಸಿಗುತ್ತಿರಲಿಲ್ಲ. "ಆ ಪುಸ್ತಕ ಸುಳ್ಳು" ಎಂದ. "ಇಪ್ಪತ್ತಾರು ಮಳೆಗಾಲದಲ್ಲೇ ಒಡೆದಿತ್ತು. ನಾನೇ ಬೇರೆ ಗಾಜು ಮೆತ್ತಿದೆ. ಇವತ್ತು ಅದೂ ಒಡೀತು. ನಾನು ನೋಡೋಕೆ ಮೊದಲೇ ಬರೀತಿದ್ದೆ, ಎಲ್ಲಾನೂ. ನಿಮ್ಮ ನಿಮ್ಮ ಮಹಡೀಲಿ ಏನು ಅಂಟಿಸಿದೀರಿ ಅಂತ ನಿಮಗೇ ಗೊತ್ತು. ಇದ್ದ ನಲವತ್ತೊಂದರಲ್ಲಿ ಹದಿನೇಳು ಒಡೆದಿವೆ. ಈಗ ಎಣಿಸಿ ಬಂದೆ."

ಯಾರೂ ನಗಲಿಲ್ಲ. ಒಬ್ಬರ ಮುಖ ಇನ್ನೊಬ್ಬರು ನೋಡಲೂ ಇಲ್ಲ. ಟೈಲ್ಸ್ ಹಾಕುವವನು ಚಹಾದ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟು, ಹೆಂಡತಿ ಬರಿಗಾಲಲ್ಲಿ ಮೆಟ್ಟಿಲಿಳಿದು ಬರುವುದನ್ನು ನೋಡುತ್ತ ನಿಂತ. ಗುಡಿಸುವಾಕೆ ಪೊರಕೆ ಬಿಟ್ಟು ಪಂಪಿನ ಮನೆಯ ಕಡೆಗೆ, ಮೊದಲು ನಡೆದು, ಆಮೇಲೆ ಓಡಿದಳು. ಅವನಿಗೆ ಇನ್ನೂ ಏನೋ ಹೇಳುವುದಿತ್ತು, ಕ್ಷಮೆಯಂಥ ಏನೋ. ಅದಕ್ಕೆ ಮಾತು ಹುಡುಕುತ್ತ ನಿಂತಾಗ ಅಕ್ಕನ ಕೈ ಅವನ ಕುತ್ತಿಗೆಯ ಸುತ್ತ ಬಿಗಿಯಾಯಿತು. ಅವಳು ತಲೆ ಓರೆ ಮಾಡಿ, ಹಿಂದಿನಿಂದ, ಕಟ್ಟಡದ ಒಳಗಿಂದ ಬರುವ ಯಾವುದೋ ಸದ್ದಿಗೆ ಕಿವಿಗೊಟ್ಟಿದ್ದಳು.

"ಇಲ್ಲಿ ನಿಲ್ಲಬೇಡ" ಎಂದಳು ಕಿವಿಯ ಹತ್ತಿರ. "ಇನ್ನೂ ಸ್ವಲ್ಪ ದೂರ ನಡಿ."